ಸಿರಿಂಜ್ ಪಂಪ್ ಬಳಕೆ: ಪರದೆಯ ಅಂಕಿ ನಂಬುವ ಮುನ್ನ ನೋಡಬೇಕಾದ್ದು

ಸಿರಿಂಜನ್ನು ಮೋಟಾರಿನಿಂದ ನಿಧಾನವಾಗಿ ಒತ್ತಿ ಔಷಧ ಹರಿಸುವ ಯಂತ್ರ ಸಿರಿಂಜ್ ಪಂಪ್. ಅದರ ಪರದೆಯ ಮೇಲೆ 4.5 ಮಿ.ಲೀ./ಗಂಟೆ ಎಂದು ಕಾಣುತ್ತಿದ್ದರೆ ಒಳಗಿನ ಮೋಟಾರು ಆ ವೇಗಕ್ಕೆ ತಕ್ಕಂತೆ ತಿರುಗುತ್ತಿದೆ ಎಂದರ್ಥ, ಅಷ್ಟೇ. ಔಷಧ ರೋಗಿಯ ರಕ್ತನಾಳ ಸೇರುತ್ತಿದೆಯೋ ಇಲ್ಲವೋ ಪಂಪಿಗೆ ನೇರವಾಗಿ ಗೊತ್ತಾಗುವುದಿಲ್ಲ. ಮೋಟಾರಿನಿಂದ ರಕ್ತನಾಳದ ತನಕ ಪುಷರ್ (ಪಂಪಿನ ತಳ್ಳುವ ತೋಳು), ಪ್ಲಂಜರ್ (ಸಿರಿಂಜಿನ ಒತ್ತುವ ದಂಡ), ಬ್ಯಾರೆಲ್ (ಔಷಧ ಇರುವ ಕೊಳವೆ), ಲೂಯರ್ ಲಾಕ್ (ತಿರುಗಿಸಿ ಬಿಗಿಯುವ ಬಾಯಿ), ಎಕ್ಸ್‌ಟೆನ್ಷನ್ ಲೈನ್, ತ್ರೀ-ವೇ (ಮೂರು ಬಾಯಿಯ ತಿರುಪು), ಕ್ಯಾನುಲಾ (ನಾಳಕ್ಕೆ ಚುಚ್ಚಿದ ನಳಿಕೆ) ಎಂದು ಸಾಲು ಸಾಲು ಕೀಲುಗಳಿವೆ. ಎಡವಟ್ಟು ಆಗುವುದು ಹೆಚ್ಚಾಗಿ ಅಲ್ಲೇ. "ಕೆಟ್ಟಿದೆ" ಎಂದು ಬಯೋಮೆಡಿಕಲ್ ವಿಭಾಗಕ್ಕೆ ಹೋದ ಪಂಪ್ ಎಷ್ಟೋ ಸಲ "ದೋಷ ಕಂಡುಬಂದಿಲ್ಲ" ಎಂಬ ಚೀಟಿಯೊಂದಿಗೆ ವಾರ್ಡಿಗೆ ಮರಳುವುದು ಇದೇ ಕಾರಣಕ್ಕೆ.

ಐಸಿಯು, ಓಟಿ, ನವಜಾತ ಶಿಶುಗಳ ಘಟಕದ ಸ್ಟಾಫ್ ನರ್ಸ್‌ಗಳು, ಡ್ಯೂಟಿ ಡಾಕ್ಟರ್‌ಗಳು ಮತ್ತು ತಂತ್ರಜ್ಞರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ಇದು. ನಿಮ್ಮ ಪಂಪಿನ ಕೈಪಿಡಿ, ಆಸ್ಪತ್ರೆಯ ಪ್ರೋಟೋಕಾಲ್ ಬೇರೆ ಹೇಳಿದರೆ ಅದೇ ಅಂತಿಮ.

ಗಂಟೆಗೆ ಎರಡು ಮಿಲಿಮೀಟರೂ ಇಲ್ಲ

50 ಮಿ.ಲೀ. ಸಿರಿಂಜಿನ ಒಳವ್ಯಾಸ ಸುಮಾರು 27 ಮಿ.ಮೀ. ಎಂದಿಟ್ಟುಕೊಳ್ಳಿ. ರೇಟ್ 1 ಮಿ.ಲೀ./ಗಂಟೆ ಇದ್ದರೆ ಪ್ಲಂಜರ್ ಮುಂದೆ ಸರಿಯುವುದು ಗಂಟೆಗೆ 1.75 ಮಿ.ಮೀ. ಮಾತ್ರ. ಕಣ್ಣಿಟ್ಟು ಕೂತರೂ ಕಾಣದ ಚಲನೆ. ಪ್ಲಂಜರಿನ ತಲೆಗೂ ಪುಷರಿಗೂ ನಡುವೆ ಅರ್ಧ ಮಿ.ಮೀ. ಸಂದು ಉಳಿದಿದ್ದರೆ ಅದು ಮುಚ್ಚುವುದಕ್ಕೇ 17 ನಿಮಿಷ ಬೇಕು. ಅಷ್ಟು ಹೊತ್ತೂ ಹಸಿರು ದೀಪ ಮಿನುಗುತ್ತದೆ, "ಕೊಟ್ಟ ಪ್ರಮಾಣ" ಏರುತ್ತಾ ಹೋಗುತ್ತದೆ, ರೋಗಿಗೆ ಮಾತ್ರ ಒಂದು ಹನಿಯೂ ಇಲ್ಲ. ಬಿಪಿ ಏರಿಸುವ ಔಷಧದ ಹೊಸ ಸಿರಿಂಜ್ ಹಾಕಿದ ಕಾಲು ಗಂಟೆಯೊಳಗೆ ಬಿಪಿ ಬಿದ್ದರೆ ಮೊದಲು ಈ ಸಂದನ್ನು ಶಂಕಿಸಿ.

ಇದೇ 1 ಮಿ.ಲೀ./ಗಂಟೆ ವೇಗದಲ್ಲಿ 19 ಮಿ.ಮೀ. ಒಳವ್ಯಾಸದ 20 ಮಿ.ಲೀ. ಸಿರಿಂಜಿನ ಪ್ಲಂಜರ್ ಗಂಟೆಗೆ 3.5 ಮಿ.ಮೀ. ಸರಿಯುತ್ತದೆ, 15 ಮಿ.ಮೀ. ಒಳವ್ಯಾಸದ 10 ಮಿ.ಲೀ. ಸಿರಿಂಜಿನದು ಸುಮಾರು 5.7 ಮಿ.ಮೀ. ಸಿರಿಂಜ್ ಸಣ್ಣದಾದಷ್ಟೂ ಸಂದು ಬೇಗ ಮುಚ್ಚುತ್ತದೆ, ಹರಿವು ಸಮವಾಗಿರುತ್ತದೆ. ಶಿಶುಗಳಿಗೆ 0.5 ಮಿ.ಲೀ./ಗಂಟೆಯಂಥ ರೇಟಿನಲ್ಲಿ 50 ಮಿ.ಲೀ. ಸಿರಿಂಜ್ ಹಾಕುವುದು ಅನುಕೂಲಕ್ಕೆ ಮಾಡುವ ಕೆಲಸ; ಹರಿವಿನ ದೃಷ್ಟಿಯಿಂದ ತಪ್ಪು ಆಯ್ಕೆ.

ಸಿರಿಂಜ್ ಯಾವುದು, ಮೆನುವಿನಲ್ಲಿ ಯಾವುದು

ಬ್ಯಾರೆಲ್ ಹಿಡಿಯುವ ಕ್ಲ್ಯಾಂಪ್ ಎಷ್ಟು ಮೇಲೆದ್ದಿದೆ ಎಂಬುದರಿಂದ ಪಂಪ್ ಸಿರಿಂಜಿನ ಗಾತ್ರ ಊಹಿಸುತ್ತದೆ. ಅಂದರೆ ಅದಕ್ಕೆ ಸಿಗುವುದು ಹೊರವ್ಯಾಸ. ಎಷ್ಟು ಔಷಧ ಹೋಗಬೇಕು ಎಂದು ನಿರ್ಧರಿಸುವುದು ಒಳವ್ಯಾಸ. ಅದನ್ನು ಪಂಪ್ ತನ್ನ ಪಟ್ಟಿಯಲ್ಲಿರುವ ಕಂಪನಿಯ ಹೆಸರಿನಿಂದ ತೆಗೆದುಕೊಳ್ಳುತ್ತದೆ. ಮೆನುವಿನಲ್ಲಿ 27 ಮಿ.ಮೀ. ಒಳವ್ಯಾಸದ ಬ್ರ್ಯಾಂಡ್ ಆಯ್ದು, ಪಂಪಿನಲ್ಲಿ ಸಿರಿಂಜ್ ಕೂರುವ ತೊಟ್ಟಿಲಿನಲ್ಲಿ 28 ಮಿ.ಮೀ. ಒಳವ್ಯಾಸದ್ದು ಕೂರಿಸಿದರೆ ಶೇ. 7.5ರಷ್ಟು ಔಷಧ ಹೆಚ್ಚು ಹೋಗುತ್ತದೆ. ಒಂದೇ ಒಂದು ಮಿಲಿಮೀಟರ್ ವ್ಯತ್ಯಾಸಕ್ಕೆ! ಅಲಾರ್ಮ್ ಬರುವುದಿಲ್ಲ, ಏಕೆಂದರೆ ಪಂಪಿನ ಲೆಕ್ಕದಲ್ಲಿ ಎಲ್ಲವೂ ಸರಿಯಿದೆ.

ನಮ್ಮ ಆಸ್ಪತ್ರೆಗಳಲ್ಲಿ ಇದು ದಿನನಿತ್ಯದ ಸಮಸ್ಯೆ. ಟೆಂಡರ್ ಬದಲಾದರೆ ಸ್ಟೋರಿನಿಂದ ಬರುವ ಸಿರಿಂಜ್ ಬದಲಾಗುತ್ತದೆ, ಮೆನು ಮಾತ್ರ ಹಳೆಯ ಕಂಪನಿಯಲ್ಲೇ ನಿಂತಿರುತ್ತದೆ. ಪಟ್ಟಿಯಲ್ಲಿ ಬಿ.ಡಿ., ಟೆರುಮೋ, ಬಿ. ಬ್ರೌನ್ ಇದ್ದು, ಕೈಯಲ್ಲಿರುವುದು ಡಿಸ್ಪೋವ್ಯಾನ್ ಅಥವಾ ರಾಮ್ಸನ್ಸ್ ಇರಬಹುದು. ಹತ್ತಿರದ್ದು ಯಾವುದೋ ಒಂದನ್ನು ಒತ್ತಿ ಮುಂದೆ ಹೋಗಬೇಡಿ. ಪಂಪಿನಲ್ಲಿ ಹೊಸ ಸಿರಿಂಜ್ ಕ್ಯಾಲಿಬ್ರೇಟ್ ಮಾಡುವ ಸೌಲಭ್ಯ ಇದ್ದರೆ ಬಯೋಮೆಡಿಕಲ್ ವಿಭಾಗದಿಂದ ಮಾಡಿಸಿ, ಆ ಬ್ರ್ಯಾಂಡಿನ ಹೆಸರನ್ನು ಪಂಪಿನ ಮೇಲೆ ಅಂಟಿಸಿ. ಇಲ್ಲದಿದ್ದರೆ ಸ್ಟೋರಿಗೆ ಬರವಣಿಗೆಯಲ್ಲಿ ತಿಳಿಸಿ, ಪಟ್ಟಿಯಲ್ಲಿರುವುದನ್ನೇ ತರಿಸಿ. ಪಂಪಿನಲ್ಲಿ ಬಳಸುವ ಸಿರಿಂಜಿಗೆ ಐಎಸ್‌ಒ 7886-2 ಎಂಬ ಪ್ರತ್ಯೇಕ ಮಾನದಂಡವೇ ಇದೆ. ಕೈಯಿಂದ ಒತ್ತುವ ಸಿರಿಂಜಿನದು 7886-1. ಪ್ಲಂಜರಿನ ರಬ್ಬರ್ ಬ್ಯಾರೆಲಿಗೆ ಅಂಟಿ ಅಂಟಿ ಬಿಡುವ ಅಗ್ಗದ ಸಿರಿಂಜಿನಲ್ಲಿ ಔಷಧ ಸಮವಾಗಿ ಹರಿಯದೆ ಗಕ್ಕೆಂದು ನಿಂತು ದಬಕ್ಕೆಂದು ಹೋಗುತ್ತದೆ. ಲೂಯರ್ ಲಾಕ್ ಇಲ್ಲದ ಸಿರಿಂಜನ್ನಂತೂ ಪಂಪಿಗೆ ಹಾಕಲೇಬೇಡಿ.

ಕೂರಿಸುವ ಕ್ರಮ

1. ಔಷಧ ತುಂಬಿ, ಸಿರಿಂಜನ್ನು ನಾಲ್ಕಾರು ಬಾರಿ ತಲೆಕೆಳಗು ಮಾಡಿ ಬೆರೆಸಿ. ಲೇಬಲಿನಲ್ಲಿ ಔಷಧದ ಹೆಸರು, ಒಟ್ಟು ಪ್ರಮಾಣ, ಒಟ್ಟು ಮಿ.ಲೀ., ಪ್ರತಿ ಮಿ.ಲೀ.ನಲ್ಲಿ ಎಷ್ಟು, ದಿನಾಂಕ, ಸಮಯ, ಸಹಿ ಇರಲಿ. ಅಳತೆಗೆರೆ ಮುಚ್ಚದಂತೆ ಅಂಟಿಸಿ. ಕ್ಲ್ಯಾಂಪ್ ಕೂರುವ ಜಾಗಕ್ಕೆ ಬರಬಾರದು. ಕಾಗದದ ದಪ್ಪ ಗಾತ್ರ ಗುರುತಿಸುವ ಸೆನ್ಸರಿಗೆ ಅಡ್ಡಿ.

2. ಗಾಳಿ ತೆಗೆದು, ಎಕ್ಸ್‌ಟೆನ್ಷನ್ ಲೈನನ್ನೂ ತ್ರೀ-ವೇಯ ಎಲ್ಲ ಬಾಯಿಗಳನ್ನೂ ಕೈಯಿಂದ ತುಂಬಿಸಿ. ಲೈನ್ ಸಣ್ಣ ರಂಧ್ರದ್ದೇ ಇರಲಿ. 150 ಸೆಂ.ಮೀ. ಉದ್ದದ, 1 ಮಿ.ಮೀ. ಒಳವ್ಯಾಸದ ಲೈನಿನಲ್ಲಿ ಹಿಡಿಯುವುದು 1.2 ಮಿ.ಲೀ. ಅದೇ ಉದ್ದದ 2.5 ಮಿ.ಮೀ. ಲೈನಿನಲ್ಲಿ 7.4 ಮಿ.ಲೀ. ದಪ್ಪ ಲೈನಿನಲ್ಲಿ ಮೊದಲೇ ಸಲೈನ್ ತುಂಬಿ, ಆಮೇಲೆ 1 ಮಿ.ಲೀ./ಗಂಟೆಗೆ ಔಷಧ ಶುರು ಮಾಡಿದರೆ ಅದು ರೋಗಿಯನ್ನು ಮುಟ್ಟಲು ಏಳು ಗಂಟೆ ದಾಟುತ್ತದೆ.

3. ಪಂಪನ್ನು ರೋಗಿಯ ಹೃದಯದ ಮಟ್ಟಕ್ಕೆ ಹತ್ತಿರ ಕಂಬಕ್ಕೆ ಬಿಗಿಯಿರಿ.

4. ಸಿರಿಂಜಿನ ರೆಕ್ಕೆ ಅದರ ಸೀಳಿನೊಳಗೆ ಪೂರ್ತಿ ಇಳಿಯಲಿ. ಪ್ಲಂಜರಿನ ತಲೆಯನ್ನು ಪುಷರಿನ ಎರಡೂ ಕೊಕ್ಕೆಗಳು ಹಿಡಿದಿವೆಯೇ ನೋಡಿ. ಒಂದೇ ಹಿಡಿದಿದ್ದರೂ ಕೆಲವು ಪಂಪುಗಳು ಸುಮ್ಮನೆ ಓಡುತ್ತವೆ. ಬ್ಯಾರೆಲ್ ಹಿಡಿದು ಮೆಲ್ಲಗೆ ಹಿಂದೆ ಮುಂದೆ ಅಲ್ಲಾಡಿಸಿ. ಕದಲಬಾರದು.

5. ಲೈನ್ ರೋಗಿಗೆ ಸೇರಿಸುವ ಮೊದಲು ಪಂಪಿನ ಪರ್ಜ್ ಗುಂಡಿ (ಪ್ಲಂಜರನ್ನು ವೇಗವಾಗಿ ತಳ್ಳುವ ಗುಂಡಿ) ಒತ್ತಿ ಹಿಡಿಯಿರಿ. ಲೈನಿನ ತುದಿಯಿಂದ ಹನಿ ಉದುರುವುದು ಕಣ್ಣಿಗೆ ಕಾಣಬೇಕು. ಮೇಲೆ ಹೇಳಿದ ಅರ್ಧ ಮಿ.ಮೀ. ಸಂದು ಮುಚ್ಚುವುದು ಇಲ್ಲೇ. ಕೈಯಿಂದ ಲೈನ್ ತುಂಬಿಸಿಯಾಗಿದೆಯಲ್ಲ ಎಂದು ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಕೈಯಿಂದ ತುಂಬಿದ್ದು ಲೈನ್ ಮಾತ್ರ, ಯಂತ್ರದ ಸಡಿಲ ಹಾಗೇ ಉಳಿದಿರುತ್ತದೆ. ಲೈನ್ ರೋಗಿಗೆ ಸೇರಿಸಿದ ಮೇಲೆ ಪರ್ಜ್ ಒತ್ತುವಂತಿಲ್ಲ.

6. ಬ್ರ್ಯಾಂಡ್, ಗಾತ್ರ ಖಚಿತಪಡಿಸಿ, ರೇಟ್ ಹಾಕಿ, ಲೈನ್ ಸೇರಿಸಿ, ತ್ರೀ-ವೇ ತೆರೆದು, ಶುರು ಒತ್ತಿ. ಆ ಕ್ಷಣದ ಸಮಯ ಮತ್ತು ಸಿರಿಂಜಿನಲ್ಲಿರುವ ಮಿ.ಲೀ. ಎರಡನ್ನೂ ಚಾರ್ಟಿನಲ್ಲಿ ಬರೆಯಿರಿ. ಗಂಟೆಗಂಟೆಗೆ ಹೋಲಿಸಬೇಕಾದ್ದು ಸಿರಿಂಜಿನ ಗೆರೆಯನ್ನು. ಪರದೆಯ ಮೊತ್ತವನ್ನು ನಕಲು ಮಾಡಿದರೆ ಪಂಪಿನ ಮಾತನ್ನು ಪಂಪಿನಿಂದಲೇ ಪರೀಕ್ಷಿಸಿದಂತೆ.

ರೇಟ್ ಹಾಕುವಾಗ

ಒಂದು ಲೆಕ್ಕ ನೋಡಿ. 60 ಕೆ.ಜಿ. ರೋಗಿ, ಬಿಪಿ ಏರಿಸುವ ನಾರ್‌ಅಡ್ರಿನಲಿನ್ 4 ಮಿ.ಗ್ರಾಂ 50 ಮಿ.ಲೀ.ನಲ್ಲಿ, ಅಂದರೆ ಪ್ರತಿ ಮಿ.ಲೀ.ಗೆ 80 ಮೈಕ್ರೋಗ್ರಾಂ. ಆದೇಶ 0.1 ಮೈಕ್ರೋಗ್ರಾಂ/ಕೆ.ಜಿ./ನಿಮಿಷ. ನಿಮಿಷಕ್ಕೆ 6, ಗಂಟೆಗೆ 360 ಮೈಕ್ರೋಗ್ರಾಂ. 80ರಿಂದ ಭಾಗಿಸಿದರೆ 4.5 ಮಿ.ಲೀ./ಗಂಟೆ. ತಪ್ಪು ನುಸುಳುವ ಜಾಗ ಮೂರು: ನಿಮಿಷದಿಂದ ಗಂಟೆಗೆ 60ರಿಂದ ಗುಣಿಸುವುದು ಮರೆಯುವುದು, ದಶಮಾಂಶ ಬಿಂದು ಬೀಳದೆ 45 ಆಗುವುದು, ಆಂಪೂಲಿನ ಲೇಬಲ್ ಓದದಿರುವುದು. ನಾರ್‌ಅಡ್ರಿನಲಿನ್ ಬೈಟಾರ್ಟ್ರೇಟ್ 2 ಮಿ.ಗ್ರಾಂ ಎಂದರೆ ಬೇಸ್ (ಲವಣದ ಭಾಗ ಬಿಟ್ಟ ಔಷಧ) 1 ಮಿ.ಗ್ರಾಂ. ಪ್ರೋಟೋಕಾಲಿನಲ್ಲಿ ಇರುವ ಮಿ.ಗ್ರಾಂ ಯಾವ ಲೆಕ್ಕದ್ದು ಎಂದು ಘಟಕದವರೆಲ್ಲ ಒಮ್ಮೆ ಕೂತು ಇತ್ಯರ್ಥ ಮಾಡಿಕೊಳ್ಳಿ.

ಹಾಕಿದ ಮೇಲೆ ಉಲ್ಟಾ ಲೆಕ್ಕ ಮಾಡಿ: 50 ಮಿ.ಲೀ.ಯನ್ನು 4.5ರಿಂದ ಭಾಗಿಸಿದರೆ 11 ಗಂಟೆ. ಪರದೆ "ಉಳಿದ ಸಮಯ 1 ಗಂಟೆ 6 ನಿಮಿಷ" ಎಂದರೆ 45 ಬಿದ್ದಿದೆ. ಅಂಕಿಗಿಂತ ಈ ಉಳಿದ ಸಮಯದಲ್ಲಿ ತಪ್ಪು ಬೇಗ ಕಣ್ಣಿಗೆ ಹೊಡೆಯುತ್ತದೆ. ಜೊತೆಯವರಿಗೆ ತೋರಿಸುವಾಗ "ಸರಿ ಇದೆಯಾ ನೋಡಿ" ಎನ್ನಬೇಡಿ. ಆದೇಶದ ಹಾಳೆ ಮಾತ್ರ ಕೊಟ್ಟು ಅವರೇ ಲೆಕ್ಕ ಹಾಕಲಿ.

ಏಕಮಾನದ ಗೊಂದಲ ಎಷ್ಟು ದುಬಾರಿ ಎಂಬುದಕ್ಕೆ ಬ್ರಿಟನ್ನಿನ ಗ್ರೇಸ್‌ಬಿ ಸಿರಿಂಜ್ ಡ್ರೈವರ್‌ಗಳಿಗಿಂತ ಉದಾಹರಣೆ ಬೇಕಿಲ್ಲ. ಎಂಎಸ್16ಎ ಮಾದರಿಯಲ್ಲಿ ವೇಗ ಗಂಟೆಗೆ ಮಿ.ಮೀ., ಎಂಎಸ್26ರಲ್ಲಿ 24 ಗಂಟೆಗೆ ಮಿ.ಮೀ. ಒಂದು ನೀಲಿ, ಇನ್ನೊಂದು ಹಸಿರು. ಉಳಿದಂತೆ ಹೆಚ್ಚುಕಡಿಮೆ ಒಂದೇ ಆಕಾರ. ಒಂದಕ್ಕೆ ಹಾಕಬೇಕಾದ ಅಂಕಿ ಇನ್ನೊಂದಕ್ಕೆ ಬಿದ್ದರೆ ಮಾರ್ಫಿನ್ 24 ಪಟ್ಟು. ಸಾವುಗಳಾದವು. 2010ರ ಡಿಸೆಂಬರಿನಲ್ಲಿ ಅಲ್ಲಿನ ರೋಗಿ ಸುರಕ್ಷತಾ ಸಂಸ್ಥೆ, ಮಿ.ಲೀ.ನಲ್ಲಿ ವೇಗ ತೋರಿಸುವ ಸುರಕ್ಷಿತ ಸಾಧನಗಳಿಗೆ ಐದು ವರ್ಷಗಳೊಳಗೆ ಬದಲಾಗಬೇಕೆಂದು ಸೂಚಿಸಿತು. 2006ರಲ್ಲಿ ಕೆನಡಾದ ಎಡ್ಮಂಟನ್ನಿನಲ್ಲಿ ನಾಲ್ಕು ದಿನ ಹೋಗಬೇಕಿದ್ದ ಕ್ಯಾನ್ಸರ್ ಔಷಧ ನಾಲ್ಕೇ ಗಂಟೆಯಲ್ಲಿ ಹೋಗಿ ರೋಗಿ ತೀರಿಕೊಂಡದ್ದೂ 24ರ ತಪ್ಪೇ: 1.2 ಮಿ.ಲೀ./ಗಂಟೆ ಬದಲು 28.8. ಅದು ಸಿರಿಂಜ್ ಪಂಪ್ ಅಲ್ಲ, ಆದರೆ ಬೆರಳು ಮತ್ತು ಗುಂಡಿಯ ಕಥೆ ಒಂದೇ. ಅಮೆರಿಕದ ಔಷಧ, ಸಾಧನ ನಿಯಂತ್ರಣ ಸಂಸ್ಥೆ ಎಫ್‌ಡಿಎ 2005ರಿಂದ 2009ರವರೆಗೆ ಇನ್‌ಫ್ಯೂಷನ್ ಪಂಪುಗಳ ಬಗ್ಗೆ ಬಂದ ಸುಮಾರು 56,000 ವರದಿಗಳನ್ನು ನೋಡಿ, 2010ರಲ್ಲಿ ತಯಾರಕರಿಗೆ ಕಟ್ಟುನಿಟ್ಟು ತಂದಿತು. ಸಾಫ್ಟ್‌ವೇರ್, ಬಳಕೆದಾರ ನೋಡುವ ಪರದೆ ಮತ್ತು ಗುಂಡಿಗಳು, ಯಂತ್ರ ಹಾಗೂ ವಿದ್ಯುತ್ ಭಾಗಗಳು: ದೋಷಗಳು ಈ ಮೂರು ಗುಂಪಿಗೆ ಬಿದ್ದವು. ಹಾಗಾಗಿ ತಪ್ಪೆಲ್ಲ ನರ್ಸ್ ಮೇಲೆ ಹೊರಿಸುವ ಅಭ್ಯಾಸ ಒಳ್ಳೆಯದಲ್ಲ. ಒಂದೇ ವಾರ್ಡಿನಲ್ಲಿ ಮೂರು ಮಾದರಿಯ ಪಂಪ್ ಇಟ್ಟವರಿಗೂ ಅದರಲ್ಲಿ ಪಾಲಿದೆ.

ಅಕ್ಲೂಷನ್ ಅಲಾರ್ಮ್: ತಡವಾಗಿ ಬರುವ ಸುದ್ದಿ

ಲೈನ್ ಎಲ್ಲೋ ಮುಚ್ಚಿಹೋದರೆ (ಇದೇ ಅಕ್ಲೂಷನ್) ಪಂಪ್ ತಕ್ಷಣ ಕೂಗುವುದಿಲ್ಲ. ಪುಷರಿನ ಹಿಂದಿರುವ ಬಲದ ಸೆನ್ಸರ್ ನಿಗದಿತ ಮಿತಿ ಮುಟ್ಟಬೇಕು. ಹಲವು ಪಂಪುಗಳಲ್ಲಿ ಈ ಮಿತಿಯನ್ನು 300ರಿಂದ 900 ಮಿ.ಮೀ. ಪಾದರಸದ ನಡುವೆ ಹಂತಹಂತವಾಗಿ ಇಡಬಹುದು. ಅಲ್ಲಿಯವರೆಗೆ ರಬ್ಬರ್ ಒತ್ತಿಕೊಳ್ಳುತ್ತದೆ, ಬ್ಯಾರೆಲ್ ಮತ್ತು ಲೈನ್ ಉಬ್ಬುತ್ತವೆ, ಸಿಕ್ಕಿಬಿದ್ದ ಗಾಳಿಗುಳ್ಳೆ ಕುಗ್ಗುತ್ತದೆ. ಈ ಎಲ್ಲ ಸೇರಿ 1 ಮಿ.ಲೀ. ಔಷಧ ಒಳಗೇ ಹಿಡಿದುಕೊಂಡಿತು ಎನ್ನಿ. ರೇಟ್ 5 ಮಿ.ಲೀ./ಗಂಟೆ ಇದ್ದರೆ 12 ನಿಮಿಷಕ್ಕೆ ಅಲಾರ್ಮ್, 1 ಮಿ.ಲೀ./ಗಂಟೆ ಇದ್ದರೆ ಒಂದು ಗಂಟೆಗೆ. ಅಷ್ಟು ಹೊತ್ತು ರೋಗಿಗೆ ಏನೂ ಇಲ್ಲ.

ಅಪಾಯದ ಎರಡನೇ ಅರ್ಧ ಅಲಾರ್ಮ್ ಬಂದ ಮೇಲಿನದು. ಓಡಿ ಬಂದವರು ತ್ರೀ-ವೇ ಮುಚ್ಚಿರುವುದು ಕಂಡು ತಟ್ಟನೆ ರೋಗಿಯ ಕಡೆಗೆ ತಿರುಗಿಸುತ್ತಾರೆ. ಒಳಗೆ ಒತ್ತಡದಲ್ಲಿ ಕಾದಿದ್ದ ಆ 1 ಮಿ.ಲೀ. ಒಮ್ಮೆಲೇ ನುಗ್ಗುತ್ತದೆ. ಮೇಲಿನ ಲೆಕ್ಕದ ನಾರ್‌ಅಡ್ರಿನಲಿನ್ ಆದರೆ 80 ಮೈಕ್ರೋಗ್ರಾಂ, ಅಂದರೆ 13 ನಿಮಿಷದ ಡೋಸ್ ಒಂದೇ ಸಲ. ಬಿಪಿ 70ರಿಂದ 220ಕ್ಕೆ ಜಿಗಿಯಲು ಬೇರೆ ಕಾರಣ ಬೇಕೇ?

ಸರಿಯಾದ ಕ್ರಮ ಹೀಗಿದೆ. ಮೊದಲು ಪಂಪ್ ನಿಲ್ಲಿಸಿ. ರೋಗಿಯ ಹತ್ತಿರದ ತ್ರೀ-ವೇಯನ್ನು ರೋಗಿಯ ಕಡೆ ಮುಚ್ಚಿಯೇ ಇಡಿ, ಲೈನಿನ ಒತ್ತಡವನ್ನು ಪಕ್ಕದ ಬಾಯಿಯಿಂದ ಗಾಜ್ ಬಟ್ಟೆಯ ಮೇಲೆ ಬಿಡಿ. ಹನಿ ಚಿಮ್ಮುವುದು ಕಾಣುತ್ತದೆ. ತ್ರೀ-ವೇ ಇಲ್ಲದಿದ್ದರೆ ರೋಗಿಯ ಕಡೆಯ ಕ್ಲ್ಯಾಂಪ್ ಹಾಕಿ ಲೈನ್ ಬಿಡಿಸಿ. ಆಮೇಲೆ ಕಾರಣ ಹುಡುಕಿ: ತ್ರೀ-ವೇಯ ಹಿಡಿ, ಹಾಸಿಗೆಯ ಪಕ್ಕದ ಕಂಬಿಗೆ ಸಿಕ್ಕಿ ಮಡಚಿದ ಲೈನ್, ಮುಚ್ಚಿದ ರೋಲರ್ ಕ್ಲ್ಯಾಂಪ್, ಹೆಪ್ಪುಗಟ್ಟಿದ ಕ್ಯಾನುಲಾ, ಮೊಣಕೈ ಮಡಚಿದ ರೋಗಿ, ಒಂದೇ ಲೈನಿನಲ್ಲಿ ಸೇರಿ ಬಿಳಿಯಾಗಿ ಗಡ್ಡೆಗಟ್ಟಿದ ಎರಡು ಔಷಧ. ಸರಿಪಡಿಸಿ, ರೋಗಿಯ ಕಡೆ ಮುಚ್ಚಿದ್ದಂತೆಯೇ ಮತ್ತೆ ಪರ್ಜ್ ಮಾಡಿ, ಆಮೇಲೆ ರೋಗಿಗೆ ತೆರೆಯಿರಿ. ಇನೋಟ್ರೋಪ್ (ಹೃದಯ, ಬಿಪಿಗೆ ಬಲ ಕೊಡುವ ಔಷಧ) ಆದರೆ ಇದೆಲ್ಲ ನಡೆಯುವಾಗ ಒಬ್ಬರು ಮಾನಿಟರ್ ಬಿಟ್ಟು ಕದಲಬಾರದು. ಕೆಲವು ಪಂಪುಗಳು ಅಕ್ಲೂಷನ್ ಆದಾಗ ತಾವೇ ಹಿಂದೆ ಸರಿದು ಒತ್ತಡ ಇಳಿಸುತ್ತವೆ; ಅದಿದ್ದರೂ ಈ ಕ್ರಮ ಬಿಡಬೇಡಿ.

ಒತ್ತಡದ ಮಿತಿಯನ್ನು ಸುಳ್ಳು ಅಲಾರ್ಮ್ ಬಾರದಷ್ಟು ಮಟ್ಟಿಗೆ ಮಾತ್ರ ಇಡಿ, ಅದಕ್ಕಿಂತ ಮೇಲೆ ಬೇಡ. "ಕಿರಿಕಿರಿ" ಎಂದು ಗರಿಷ್ಠಕ್ಕೆ ಏರಿಸಿದ ಪಂಪ್ ಮುಂದಿನ ರೋಗಿಗೂ ಹಾಗೇ ಹೋಗುತ್ತದೆ. ಇನ್ನೊಂದು ಮಾತು: ಕ್ಯಾನುಲಾ ನಾಳದಿಂದ ಜಾರಿ ಔಷಧ ಮಾಂಸದೊಳಗೆ ಸೋರುತ್ತಿದ್ದರೆ ಈ ಅಲಾರ್ಮ್ ಬರುತ್ತದೆಂದು ನಂಬಬೇಡಿ. ಅಂಗಾಂಶ ಅಷ್ಟು ತಡೆ ಒಡ್ಡುವುದೇ ಇಲ್ಲ. ಊತ, ಬಿಳಿಚಿಕೊಂಡ ಚರ್ಮ, ತಣ್ಣನೆ ಸ್ಪರ್ಶ: ಇದನ್ನು ಕೈಯೇ ಹೇಳಬೇಕು.

ಸಿರಿಂಜ್ ಬದಲಿಸುವುದು

ಮೊದಲು ರೋಗಿಯ ಕಡೆ ಮುಚ್ಚಿ, ನಂತರ ಪ್ಲಂಜರ್ ಬಿಡಿಸಿ. ಈ ಅನುಕ್ರಮ ತಿರುವುಮುರುವಾದರೆ, ಪಂಪ್ ರೋಗಿಗಿಂತ ಎತ್ತರದಲ್ಲಿದ್ದಾಗ ಹಿಡಿತ ತಪ್ಪಿದ ಸಿರಿಂಜಿನ ಔಷಧ ತನ್ನ ಭಾರಕ್ಕೇ ಇಳಿದು ಕೆಲವೇ ನಿಮಿಷದಲ್ಲಿ ಖಾಲಿಯಾಗಬಹುದು. ಬ್ಯಾರೆಲಿನಲ್ಲಿ ಕೂದಲೆಳೆ ಬಿರುಕಿದ್ದರೂ ಗಾಳಿ ಒಳಸೇರಿ ಹೀಗೇ ಆಗುತ್ತದೆ. ಹೀಗೆ ತಾನಾಗಿ ಇಳಿಯುವುದನ್ನು ತಡೆಯುವ ಆಂಟಿ-ಸೈಫನ್ ವಾಲ್ವ್ ಇರುವ ಲೈನ್ ಸಿಕ್ಕರೆ ಮಾರ್ಫಿನ್, ಪೊಟ್ಯಾಸಿಯಂ, ಇನೋಟ್ರೋಪ್‌ಗಳಿಗೆ ಅದನ್ನೇ ಬಳಸಿ.

ಬಿಪಿ ಔಷಧದ ಮೇಲೇ ನಿಂತಿರುವ ರೋಗಿಗೆ "ಮುಗಿಯುತ್ತಾ ಬಂತು" ಅಲಾರ್ಮ್ ಕಾಯುತ್ತಾ ಕೂರುವುದು ತಡ. ಅರ್ಧ ಗಂಟೆ ಮೊದಲೇ ಎರಡನೇ ಪಂಪಿನಲ್ಲಿ ಹೊಸ ಸಿರಿಂಜ್ ಕೂರಿಸಿ ಪರ್ಜ್ ಮಾಡಿ, ಲೈನಿನ ತುದಿಯನ್ನು ಪಕ್ಕಕ್ಕೆ ಬಿಟ್ಟು ಅದೇ ರೇಟಿನಲ್ಲಿ ಕೆಲ ನಿಮಿಷ ಓಡಿಸಿ, ಹನಿ ಬರುತ್ತಿದೆ ಎಂದು ಕಂಡ ಮೇಲೆ ತ್ರೀ-ವೇಗೆ ಸೇರಿಸಿ. ಬಿಪಿ ಏರತೊಡಗಿದ ಕೂಡಲೇ ಹಳೆಯ ಪಂಪ್ ಇಳಿಸಿ ನಿಲ್ಲಿಸಿ. ಈ ಔಷಧಕ್ಕೆ ಸೆಂಟ್ರಲ್ ಲೈನಿನ (ದೊಡ್ಡ ರಕ್ತನಾಳಕ್ಕೆ ಹಾಕಿದ ಲೈನಿನ) ಒಂದು ದಾರಿ ಮೀಸಲಿರಲಿ. ಅದೇ ದಾರಿಯಲ್ಲಿ ಯಾರೋ ಆಂಟಿಬಯೋಟಿಕ್ ತಳ್ಳಿದರೆ ಲೈನಿನಲ್ಲಿದ್ದ ನಾರ್‌ಅಡ್ರಿನಲಿನ್ ಎಲ್ಲ ಮುಂದೆ ನುಗ್ಗುತ್ತದೆ. ಇನ್ಸುಲಿನ್ ಹೊಸ ಲೈನಿನ ಪ್ಲಾಸ್ಟಿಕ್ಕಿಗೆ ಅಂಟಿಕೊಳ್ಳುವುದರಿಂದ, 50 ಮಿ.ಲೀ.ನಲ್ಲಿ 50 ಯೂನಿಟ್ ಬೆರೆಸಿದ ದ್ರಾವಣದ 20 ಮಿ.ಲೀ. ಲೈನಿನಲ್ಲಿ ಹರಿಸಿ ಚೆಲ್ಲಿ ಆಮೇಲೆ ಶುರು ಮಾಡುವ ಪದ್ಧತಿ ಇದೆ. ಅಷ್ಟು ಕಳೆಯುತ್ತದೆಂದು ತಿಳಿದು ತಯಾರಿಸಿಕೊಳ್ಳಿ.

ಎತ್ತರ, ಬ್ಯಾಟರಿ, ಸಾಗಣೆ

ಓಡುತ್ತಿರುವ ಪಂಪನ್ನು ಮೇಲೆತ್ತಿದರೆ ಸಣ್ಣ ಬೋಲಸ್ (ಒಮ್ಮೆಲೇ ನುಗ್ಗುವ ಪ್ರಮಾಣ) ಹೋಗುತ್ತದೆ. ಕೆಳಗಿಳಿಸಿದರೆ ಹರಿವು ನಿಲ್ಲುತ್ತದೆ, ಕೆಲವೊಮ್ಮೆ ರಕ್ತ ಲೈನಿಗೆ ಹಿಂದೆ ಬರುತ್ತದೆ. ರೇಟ್ ಕಡಿಮೆಯಿದ್ದಷ್ಟೂ ಇದರ ಪರಿಣಾಮ ಜೋರು. ಸ್ಕ್ಯಾನಿಗೆ ಹೊರಟಾಗ ಪಂಪನ್ನು ಕಂಬದಿಂದ ಬಿಚ್ಚಿ ರೋಗಿಯ ಕಾಲ ಬಳಿ ಹಾಸಿಗೆಯಲ್ಲಿಡುವ ಆ ಒಂದು ನಿಮಿಷದಲ್ಲೇ ಬಿಪಿ ಏರುಪೇರಾಗುವುದು ಇದರಿಂದ. ಸಕಲೇಶಪುರದಿಂದ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋಗುವ ಆಂಬುಲೆನ್ಸಿನಲ್ಲಿ ಪಂಪನ್ನು ತೊಡೆಯ ಮೇಲೆ ಹಿಡಿದು ಕೂರುವುದು ಸಾಲದು; ಸ್ಟ್ರೆಚರಿನ ಕಂಬಿಗೆ, ರೋಗಿಯ ಎದೆಮಟ್ಟದಲ್ಲಿ ಬಿಗಿಯಬೇಕು.

ಕಂಪನಿ ಹೇಳುವ ಬ್ಯಾಟರಿ ಗಂಟೆಗಳು ಸಾಮಾನ್ಯವಾಗಿ ಹೊಸ ಬ್ಯಾಟರಿಗೆ, 5 ಮಿ.ಲೀ./ಗಂಟೆ ರೇಟಿಗೆ ಹೇಳಿದ್ದು. ಹಳೆಯದಾದರೆ ಪರದೆಯಲ್ಲಿ ಪೂರ್ತಿ ಗೆರೆ ತೋರಿಸಿ ಹತ್ತೇ ನಿಮಿಷಕ್ಕೆ ಸತ್ತುಹೋಗುವುದುಂಟು. ಪಂಪ್ ಬಳಕೆಯಲ್ಲಿಲ್ಲದಾಗಲೂ ಪ್ಲಗ್ಗಿನಲ್ಲೇ ಇರಲಿ, ಸ್ವಿಚ್ ಹಾಕಿದೆಯೇ ನೋಡಿ. ಗೋಡೆಯ ಸ್ವಿಚ್ ಆಫ್ ಆಗಿ ರಾತ್ರಿಯಿಡೀ ಬ್ಯಾಟರಿಯಲ್ಲಿ ಓಡುವ ಪಂಪುಗಳಿಗೆ ಲೆಕ್ಕವಿಲ್ಲ. ಆರು ತಿಂಗಳಿಗೊಮ್ಮೆ ಪೂರ್ತಿ ಚಾರ್ಜ್ ಮಾಡಿ, 5 ಮಿ.ಲೀ./ಗಂಟೆಗೆ ನೀರು ಓಡಿಸಿ ಎಷ್ಟು ಹೊತ್ತು ಬರುತ್ತದೆ ಎಂದು ಬರೆದಿಡಿ. ದೂರದ ಸಾಗಣೆಗೆ ಆ ಅಂಕಿಯೇ ಆಧಾರ.

ಬಯೋಮೆಡಿಕಲ್ ಬೆಂಚಿನ ಮೇಲೆ

ಹರಿವಿನ ಪರೀಕ್ಷೆಗೆ ದುಬಾರಿ ಅನಲೈಸರ್ ಇಲ್ಲದಿದ್ದರೂ ನಡೆಯುತ್ತದೆ. 0.01 ಗ್ರಾಂ ತೋರಿಸುವ ತಕ್ಕಡಿ, ಮುಚ್ಚಳದಲ್ಲಿ ಸಣ್ಣ ತೂತಿರುವ ಬಾಟಲಿ, ವಾರ್ಡಿನಲ್ಲಿ ಬಳಸುವ ಅದೇ ಬ್ರ್ಯಾಂಡಿನ ಸಿರಿಂಜ್ ಸಾಕು. ಪರ್ಜ್ ಮಾಡಿ, ಹರಿವು ನೆಲೆಗೊಳ್ಳಲು ಅರ್ಧ ಗಂಟೆ ಬಿಟ್ಟು, 5 ಮಿ.ಲೀ./ಗಂಟೆಗೆ ಒಂದು ಗಂಟೆ ಸಂಗ್ರಹಿಸಿ. 1 ಮಿ.ಲೀ. ನೀರು ಸರಿಸುಮಾರು 1 ಗ್ರಾಂ. 4.75ರಿಂದ 5.25ರ ಒಳಗೆ ಬಂದರೆ ಶೇ. 5ರ ಮಿತಿಯಲ್ಲಿದೆ. ಹೊರಗೆ ಬಂದರೆ ಮೊದಲು ಬ್ರ್ಯಾಂಡ್ ಸೆಟ್ಟಿಂಗ್, ಆಮೇಲೆ ಪುಷರನ್ನು ಸರಿಸುವ ಲೀಡ್ ಸ್ಕ್ರೂ ಹಿಡಿಯುವ ಅರ್ಧ ನಟ್ಟಿನ ಸವೆತ ನೋಡಿ. ನಟ್ ಸವೆದ ಪಂಪಿನಲ್ಲಿ ಪುಷರನ್ನು ಬೆರಳಿಂದ ಒತ್ತಿದರೆ ಅದು ಜಾರುತ್ತದೆ.

ಇನ್ನೊಂದು ತೊಂದರೆ ಡೆಕ್ಸ್‌ಟ್ರೋಸ್. ಮೇಲಿನ ಪಂಪಿನಿಂದ ಸೋರಿದ ಹನಿ ಕೆಳಗಿನ ಪಂಪಿನ ಪುಷರ್ ದಂಡಕ್ಕೆ ಇಳಿದು, ಒಣಗಿ, ಸಕ್ಕರೆ ಪದರವಾಗುತ್ತದೆ. ಸೆನ್ಸರ್ ಅದನ್ನೇ ಒತ್ತಡವೆಂದು ತಿಳಿದು ಸುಳ್ಳು ಅಕ್ಲೂಷನ್ ಕೂಗುತ್ತದೆ. ಚೆಲ್ಲಿದ ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ. ದ್ರಾವಣ ನೇರ ಸಿಂಪಡಿಸಬೇಡಿ, ಕಂಪನಿ ಒಪ್ಪದ ಸ್ಪಿರಿಟ್ ಬಳಸಬೇಡಿ. ಕ್ಲ್ಯಾಂಪಿನ ಪ್ಲಾಸ್ಟಿಕ್ ಕೂದಲೆಳೆ ಬಿರುಕು ಬಿಡುತ್ತದೆ. ಪೆನ್ನಿನ ತುದಿಯಿಂದ ಗುಂಡಿ ಒತ್ತುವವರ ಕೈಯಲ್ಲಿ ಕೀಪ್ಯಾಡ್ ಪೊರೆ ತೂತಾಗಿ, ಒಂದು ಒತ್ತಿಗೆ ಎರಡು ಸೊನ್ನೆ ಬೀಳುವ ಕಾಯಿಲೆಯೂ ಅಂಟುತ್ತದೆ.

ಹೊಸದು ಕೊಳ್ಳುವಾಗ ಇಂಥ ಪಂಪುಗಳ ಸುರಕ್ಷತಾ ಮಾನದಂಡವಾದ ಐಇಸಿ 60601-2-24 ಪ್ರಮಾಣಪತ್ರ ಕೇಳುವುದು ಸರಿ, ಆದರೆ ಅದಕ್ಕಿಂತ ಮೊದಲು ನಿಮ್ಮ ಸ್ಟೋರಿನ ಸಿರಿಂಜ್ ಕೊಟ್ಟು, ರಾತ್ರಿ ಪಾಳಿಯ ನರ್ಸ್ ಒಬ್ಬರಿಂದ ಬೆಳಕು ಕಮ್ಮಿ ಮಾಡಿದ ಕೋಣೆಯಲ್ಲಿ ಕೂರಿಸಿ ನೋಡಿ. ಬಿಂದು ಮತ್ತು ಅಂಕಿ ಎರಡು ಮೀಟರ್ ದೂರದಿಂದ ಓದಲು ಬರಬೇಕು. 5.0 ಮತ್ತು 50 ಒಂದೇ ಥರ ಕಂಡರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಬೇಡ.

ಅನಾಹುತ ಆದರೆ ರೋಗಿಯನ್ನು ನೋಡಿಕೊಂಡ ಮೇಲೆ ಪಂಪ್, ಸಿರಿಂಜ್, ಲೈನ್ ಮೂರನ್ನೂ ಬಿಚ್ಚದೆ, ತೊಳೆಯದೆ ಎತ್ತಿಡಿ. ಸಿರಿಂಜಿನ ಗೆರೆ, ಪರದೆಯ ಮೊತ್ತ, ಗೋಡೆಯ ಗಡಿಯಾರದ ಸಮಯ ಮತ್ತು ಪಂಪಿನ ಗಡಿಯಾರದ ಸಮಯ ಬರೆದುಕೊಳ್ಳಿ; ಎರಡು ಗಡಿಯಾರ ಹೊಂದದಿದ್ದರೆ ಒಳಗಿನ ಈವೆಂಟ್ ಲಾಗ್ ಓದುವವರಿಗೆ ಅದು ಬೇಕಾಗುತ್ತದೆ. 2015ರಲ್ಲಿ ಶುರುವಾದ ಭಾರತದ ಮೆಟೀರಿಯೋವಿಜಿಲೆನ್ಸ್ (ವೈದ್ಯಕೀಯ ಸಾಧನಗಳ ಸುರಕ್ಷತೆಯ ಮೇಲೆ ಕಣ್ಣಿಡುವ) ಕಾರ್ಯಕ್ರಮಕ್ಕೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಮೂಲಕ, ಆಸ್ಪತ್ರೆಗಳೂ ನರ್ಸ್‌ಗಳೂ ವರದಿ ಕಳಿಸಬಹುದು. ವರದಿಯಲ್ಲಿ ಪಂಪಿನ ಮಾದರಿ, ಸೀರಿಯಲ್ ಸಂಖ್ಯೆ, ಸಾಫ್ಟ್‌ವೇರ್ ಆವೃತ್ತಿ, ಸಿರಿಂಜಿನ ಬ್ರ್ಯಾಂಡ್ ಮತ್ತು ಬ್ಯಾಚ್ ಸಂಖ್ಯೆ ಇರಲಿ. ಬ್ಯಾಚ್ ಸಂಖ್ಯೆ ಇರುವುದು ಹರಿದು ಬುಟ್ಟಿಗೆಸೆದ ಆ ಕವರಿನ ಮೇಲೆ, ಹಾಗಾಗಿ ಬುಟ್ಟಿ ಖಾಲಿ ಮಾಡುವ ಮುನ್ನ ಅದನ್ನು ತೆಗೆದಿಟ್ಟುಕೊಳ್ಳಿ.